ಒಂದು ದಿನ ತಡೆದ ಮರಳಿನ ಸುದ್ದಿ

ಜುಲೈ 1 ಬಂತೆಂದರೆ ನಮ್ಮ ಕಡೆ ಪತ್ರಿಕಾ ದಿನಾಚರಣೆ ಶುರು. 1843ರಲ್ಲಿ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಎಲ್ಲ ಕಡೆ ಕಾರ್ಯಕ್ರಮ ಇರುತ್ತದೆ. ತುರ್ತುಪರಿಸ್ಥಿತಿ ಹೇರಿದ 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟ್ ತೆಗೆದದ್ದು ಭಾಷಣಗಳಲ್ಲಿ ಬರುತ್ತದೆ. ಪತ್ರಿಕಾ ಸ್ವಾತಂತ್ರ್ಯದ ಸೂಚ್ಯಂಕದಲ್ಲಿ 2025ರಲ್ಲಿ ನಮ್ಮ ದೇಶ 180ರಲ್ಲಿ 151ನೇ ಸ್ಥಾನದಲ್ಲಿತ್ತು ಅನ್ನುವುದೂ ಬರುತ್ತದೆ. ಅವೆಲ್ಲ ಹೇಳಲೇಬೇಕಾದ ಮಾತು. ಆದರೆ ತಾಲ್ಲೂಕಿನಲ್ಲಿ ಕೂತು ಸುದ್ದಿ ಕಳಿಸುವವರ ಮೇಲೆ ಒತ್ತಡ ಹೇಗೆ ಬೀಳುತ್ತದೆ, ಅದರಲ್ಲಿ ನಮ್ಮ ಕಚೇರಿಗಳ ಪಾಲೆಷ್ಟು ಅನ್ನುವ ಮಾತು ವೇದಿಕೆ ಮೇಲೆ ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿ ಡೆಸ್ಕಿನಲ್ಲಿ ಜಿಲ್ಲಾ ಪುಟ ನೋಡುವವನು. ಗದಗ ಜಿಲ್ಲೆಯ ತುಂಗಭದ್ರಾ ದಂಡೆಯ ಒಂದು ಊರಿನಿಂದ ನಮ್ಮ ಅರೆಕಾಲಿಕ ವರದಿಗಾರರು ಮರಳಿನ ಸುದ್ದಿ ಕಳಿಸಿದ್ದರು. ಹೊಳೆಯಲ್ಲಿ ಯಂತ್ರ ಇಳಿಸಿ ರಾತ್ರಿಯೆಲ್ಲ ಎತ್ತುತ್ತಿದ್ದರು. ಪರ್ಮಿಟ್ ಇದ್ದದ್ದು ಒಂದು ಲೆಕ್ಕಕ್ಕೆ, ಟಿಪ್ಪರ್ ಓಡಿದ್ದು ಇನ್ನೊಂದು ಲೆಕ್ಕಕ್ಕೆ. ಇವರು ಆರ್‌ಟಿಐ ಹಾಕಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಉತ್ತರ ತರಿಸಿಕೊಂಡಿದ್ದರು. ಹೊಳೆಗೆ ಹೋಗಿ ತಾವೇ ಫೋಟೊ ತೆಗೆದಿದ್ದರು. ಟಿಪ್ಪರ್‌ಗಳು ಆ ಭಾಗದ ಒಬ್ಬ ಮುಖಂಡರ ಕಡೆಯವು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಇವರು ಅಷ್ಟಕ್ಕೆ ಬಿಡದೆ ಆರ್‌ಸಿ ವಿವರವನ್ನೂ ಹೊಂದಿಸಿಕೊಂಡಿದ್ದರು. ನಮ್ಮ ಪುಟಕ್ಕೆ ಇಷ್ಟು ಗಟ್ಟಿಯಾದ ಕಾಪಿ ಬರುವುದೇ ಅಪರೂಪ.

ರಾತ್ರಿ ಹತ್ತೂವರೆಗೆ ಗದಗ ಪುಟ ಬಿಡಬೇಕು. ಸುದ್ದಿ ಲೀಡ್ ಆಗಿ, ಅಂದರೆ ಪುಟದ ಮುಖ್ಯ ಸುದ್ದಿಯಾಗಿ ಕೂತಿತ್ತು, ಫೋಟೊ ನಾಲ್ಕು ಕಾಲಂ. ನುಡಿ ತಂತ್ರಾಂಶದಲ್ಲಿ ಬಂದ ಕಾಪಿಯನ್ನು ಯುನಿಕೋಡ್‌ಗೆ ತಿರುಗಿಸಿದಾಗ ಒತ್ತಕ್ಷರ ಎಲ್ಲ ಒಡೆದು ಹೋಗಿದ್ದವು. ಈ ಕನ್ವರ್ಟರ್ ಬದಲಿಸಿ ಅಂತ ಕೇಳಿ ಕೇಳಿ ನಮ್ಮ ಬಾಯಿ ಸವೆದಿದೆ. ಒಂದೊಂದೇ ಅಕ್ಷರ ಸರಿ ಮಾಡುತ್ತಾ ಕೂತಿದ್ದೆ. ಆಗ ಜಾಹೀರಾತು ವಿಭಾಗದವರು ಬಂದು ಪಕ್ಕದಲ್ಲಿ ನಿಂತರು.

“ಸರ್, ಆ ಮುಖಂಡರ ಹುಟ್ಟುಹಬ್ಬ ಐತ್ರಿ ನಾಳಿದ್ದು. ಫುಲ್ ಪೇಜ್ ಆರ್‌ಒ ಬಂದೈತಿ. ಗದಗ ಪುಟದಾಗ ಅವರ ಮಂದಿದ ಏನರೆ ಹೊಂಟೈತೇನ್ರಿ?”

ಆರ್‌ಒ ಅಂದರೆ ಜಾಹೀರಾತಿನ ಆರ್ಡರ್. ಏನು ಹೊಂಟಿದೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದರು. ಅವರನ್ನು ಸಾಗಹಾಕಿದೆ. ಅದರ ಹಿಂದೆಯೇ ಬ್ಯೂರೋ ಚೀಫ್ ಫೋನ್ ಬಂತು. ಒತ್ತಡ ಅಂದರೆ ಯಾರೋ ಗದರಿಸುತ್ತಾರೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಹಾಗೇನೂ ಇರಲಿಲ್ಲ. ಅವರು ಬಹಳ ಮೆತ್ತಗೆ ಮಾತಾಡಿದರು.

“ಸುದ್ದಿ ತಪ್ಪೈತಿ ಅಂತ ನಾ ಅನ್ನಂಗಿಲ್ಲ. ಒಂದ್ ದಿನ ತಡೀರಿ ಅಷ್ಟ. ಇನ್ನೊಮ್ಮೆ ಅವರ ಮಾತು ತಗೊಂಡು ಹಾಕೋಣು. ನಮಗೂ ಲೀಗಲಿ ಸೇಫ್.”

ಈ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಎರಡೂ ಕಡೆಯ ಮಾತು ತೆಗೆದುಕೊಳ್ಳಬೇಕು ಅಂತ ನಾನೇ ಹೊಸ ಹುಡುಗರಿಗೆ ದಿನವೂ ಹೇಳುತ್ತೇನೆ. ಆದರೆ ಆ ಮಾತು ಆಗಲೇ ಕೇಳಿ ಆಗಿತ್ತು. ವರದಿಗಾರರು ಮಧ್ಯಾಹ್ನವೇ ಆ ಮುಖಂಡರಿಗೆ ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆ ಕಳಿಸಿದ್ದರು, ನೀಲಿ ಗೆರೆ ಬಿದ್ದಿತ್ತು, ಉತ್ತರ ಬಂದಿರಲಿಲ್ಲ. ಸುದ್ದಿಯ ಕೊನೆಯಲ್ಲಿ ಅದನ್ನೂ ಬರೆದಿದ್ದರು. ಕಾಪಿ ನನ್ನ ಮುಂದೆಯೇ ಇತ್ತು. ಆ ಸಾಲು ಓದಿ ಹೇಳಬಹುದಿತ್ತು. ಹೇಳಲಿಲ್ಲ. ಒಂದು ದಿನ ತಾನೇ ಅನ್ನಿಸಿತು. ಗಡಿಯಾರ ನೋಡಿದೆ, ಪುಟ ಜೋಡಿಸುವ ಪೇಜಿನೇಟರ್ ನನ್ನ ಮುಖ ನೋಡುತ್ತಿದ್ದ. ಸೆಕೆಂಡ್ ಲೀಡ್ ಮೇಲೆತ್ತಿ, ಕೆಳಗೆ ಬಿತ್ತನೆ ಬೀಜದ ಪ್ರಕಟಣೆ ಇಳಿಸಿ ಪುಟ ಬಿಟ್ಟೆ.

ಆಮೇಲೆ ವರದಿಗಾರರಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಸರ್, ಇವತ್ತ ಹೋಗ್ಲಿಲ್ಲಂದ್ರ ನಾಳೆ ಅದು ನನ್ನ ಮ್ಯಾಲೆ ಬರ್ತೈತ್ರಿ.”

“ಎಲ್ಲಿ ಹೋಗ್ತೈತಪಾ, ನಾಳೆ ಹಾಕೋಣು ಬಿಡು” ಅಂದೆ. ಬೈಲೈನ್, ಅಂದರೆ ಸುದ್ದಿಯ ಜೊತೆ ಬರುವ ತಮ್ಮ ಹೆಸರು, ತಪ್ಪಿತು ಅನ್ನುವ ಬೇಜಾರು ಇರಬೇಕು ಅಂದುಕೊಂಡೆ. ನಿಜಕ್ಕೂ ಅವರು ನನಗೆ ಸರಿಯಾದ ಮಾಹಿತಿ ಕೊಡುತ್ತಿದ್ದರು. ಆ ಊರಿನ ರಾಜಕೀಯ ನನಗಿಂತ ಅವರಿಗೆ ಗೊತ್ತು ಅಲ್ವಾ?

ಬೆಳಿಗ್ಗೆ ಹೊಳೆಯಲ್ಲಿ ಯಂತ್ರ ಇರಲಿಲ್ಲ. ಟಿಪ್ಪರ್ ಇಳಿಯುವ ದಾರಿಯನ್ನು ಡೋಜರ್ ಹಾಕಿ ಸಪಾಟು ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಠಾಣೆಯಲ್ಲಿ ದೂರು ಬಿತ್ತು: ಸುದ್ದಿ ಹಾಕುತ್ತೇನೆ ಅಂತ ಹೆದರಿಸಿ ವರದಿಗಾರ ಹಣ ಕೇಳಿದ. ಅಂದರೆ ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ. ದೂರಿನ ಜೊತೆ ಕೊಟ್ಟ ಸಾಕ್ಷಿ ಇವರದೇ ಮೆಸೇಜು. “ನಾಳೆ ಸುದ್ದಿ ಬರುತ್ತದೆ, ಇವತ್ತು ಸಂಜೆಯೊಳಗೆ ನಿಮ್ಮ ಹೇಳಿಕೆ ಬೇಕು” ಅಂತ ಕಳಿಸಿದ್ದರು. ಪತ್ರಿಕೆಯಲ್ಲಿ ಸುದ್ದಿ ಬಂದಿದ್ದರೆ ಅದು ವರದಿಗಾರ ಮಾಡಬೇಕಾದ ಕೆಲಸ. ಬರಲಿಲ್ಲವಾದ್ದರಿಂದ ಅದೇ ಮೆಸೇಜು ಬೆದರಿಕೆಯ ಹಾಗೆ ಕಾಣಿಸಿತು. ಸುದ್ದಿ ಹಾಕುತ್ತೇನೆ ಅಂದ, ಹಾಕಲಿಲ್ಲ, ಹಾಗಾದರೆ ನಡುವೆ ಏನೋ ವ್ಯವಹಾರ ನಡೆದಿರಬೇಕು. ಓದಿದ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ತಡೆದ ಸುದ್ದಿಯ ಬಗ್ಗೆ ನಾನು ಹೇಳಬೇಕಾದ್ದು ಇದೇ. ಪ್ರಕಟವಾದ ಸುದ್ದಿಗೆ ಸಂಪಾದಕರು ಜವಾಬ್ದಾರಿ, ಪ್ರಕಾಶಕರು ಜವಾಬ್ದಾರಿ, ಕೊನೇ ಪುಟದ ತಳದಲ್ಲಿ ಅವರ ಹೆಸರೇ ಇರುತ್ತದೆ. ಪ್ರಶ್ನೆ ಕೇಳಿ ಆದ ಮೇಲೆ ಸುದ್ದಿ ನಿಂತರೆ ಆ ಹೆಸರುಗಳು ಯಾವುವೂ ಇರುವುದಿಲ್ಲ. ಹೊಳೆ ದಂಡೆಯ ಊರಿನಲ್ಲಿ ಒಬ್ಬ ಮನುಷ್ಯ, ಅವನ ಫೋನು, ಅಷ್ಟೇ ಉಳಿಯುತ್ತದೆ.

ಅದಕ್ಕಿಂತ ಜಾಸ್ತಿ ನೋವಾದದ್ದು ದೂರಿನ ಇನ್ನೊಂದು ಸಾಲಿನಿಂದ. “ಈತ ಈ ಹಿಂದೆಯೂ ನಮ್ಮಿಂದ ಹಣ ಪಡೆದಿದ್ದಾನೆ.” ಪಡೆದದ್ದು ನಿಜ. ಹಿಂದಿನ ದೀಪಾವಳಿ ಪುರವಣಿಗೆ ಶುಭಾಶಯ ಜಾಹೀರಾತು ಕೇಳಲು ವರದಿಗಾರರು ಆ ಮುಖಂಡರ ಬಳಿ ಹೋಗಿದ್ದರು. ಚೆಕ್ ಪತ್ರಿಕೆಯ ಹೆಸರಿನಲ್ಲಿತ್ತು, ನಮ್ಮದೇ ರಸೀದಿ ಕೊಟ್ಟಿದ್ದರು. ಅವರಾಗಿ ಹೋದದ್ದೂ ಅಲ್ಲ. ತಾಲ್ಲೂಕಿಗೆ ಇಷ್ಟು ಅಂತ ಟಾರ್ಗೆಟ್ ಕೊಟ್ಟು ನಾವೇ ಕಳಿಸಿದ್ದೆವು. ಅಕ್ಟೋಬರ್‌ನಲ್ಲಿ ಕೈಚಾಚಲು ಕಳಿಸಿದ ಮನೆಗೆ ಮುಂದಿನ ತಿಂಗಳು ಪ್ರಶ್ನೆ ಕೇಳಲು ಕಳಿಸುತ್ತೇವೆ. ಈ ಪದ್ಧತಿ ಒಂದೆರಡು ಪತ್ರಿಕೆಯದಲ್ಲ. ತಾಲ್ಲೂಕಿನಲ್ಲಿ ಜಾಹೀರಾತು ಕೊಡುವಷ್ಟು ದುಡ್ಡಿರುವವರು ಯಾರು? ಮುಖಂಡರು, ಗುತ್ತಿಗೆದಾರರು, ಕ್ರಷರ್ ಮಾಲೀಕರು, ಸಹಕಾರಿ ಬ್ಯಾಂಕಿನ ಅಧ್ಯಕ್ಷರು. ಸುದ್ದಿ ಆಗಬೇಕಾದವರೂ ಇವರೇ. ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುತ್ತದೆ ಅಂತ ಭಾಷಣ ಮಾಡುವ ಮೊದಲು ನಮ್ಮ ಮ್ಯಾನೇಜ್‌ಮೆಂಟುಗಳು ಈ ಪಟ್ಟಿ ಒಮ್ಮೆ ನೋಡಬೇಕು.

ಠಾಣೆಯಲ್ಲಿ ಅವರನ್ನು ಸಂಜೆತನಕ ಬೆಂಚಿನ ಮೇಲೆ ಕೂರಿಸಿದರು. ಸಾಹೇಬರು ಕೇಳಿದ ಮೊದಲ ಪ್ರಶ್ನೆ, “ನೀವು ಪೇಪರಿನ ನೌಕರರೇನ್ರಿ?” ಕೊಡಲು ನೇಮಕಾತಿ ಪತ್ರ ಇರಲಿಲ್ಲ. ಐಡಿ ಕಾರ್ಡಿನ ಅವಧಿ ಮುಗಿದಿತ್ತು. ಹೊಸದು ಕೊಡಿ ಅಂತ ಅವರು ಬರೆದ ಮೇಲ್ ನಮ್ಮ ಎಚ್‌ಆರ್‌ನಲ್ಲಿ ಹಾಗೇ ಬಿದ್ದಿತ್ತು. ಇವರು ನಮ್ಮವರು ಅಂತ ಒಂದು ಸಾಲಿನ ಪತ್ರ ತರಿಸಲು ನಾನು ಇಡೀ ಮಧ್ಯಾಹ್ನ ಫೋನ್ ಮಾಡುತ್ತಲೇ ಇದ್ದೆ. ಕಾರ್ಯನಿರತ ಪತ್ರಕರ್ತರ 1955ರ ಕಾಯ್ದೆಯಲ್ಲಿ ಅರೆಕಾಲಿಕ ಕೆಲಸದವರಿಗೂ ಜಾಗ ಇತ್ತು. ಆದರೆ ಮುಖ್ಯ ಕಸುಬು ಪತ್ರಿಕೋದ್ಯಮ ಆಗಿರಬೇಕು ಅನ್ನುವ ಷರತ್ತಿತ್ತು. ಇವರ ಹೊಟ್ಟೆಪಾಡು ಬಸ್ ಸ್ಟ್ಯಾಂಡ್ ಬಳಿಯ ಝೆರಾಕ್ಸ್ ಅಂಗಡಿ. ನಾವು ಕೊಡುವ ಗೌರವಧನದಲ್ಲಿ ಮನೆ ನಡೆಯುವುದಿಲ್ಲ, ಅದಕ್ಕೇ ಅಂಗಡಿ. ಅಂಗಡಿ ಇದೆ ಅಂತ ಪೂರ್ತಿ ಪತ್ರಕರ್ತರೂ ಅಲ್ಲ.

ಅವರನ್ನು ಉಳಿಸಿದ್ದು ಅವರದೇ ಶಿಸ್ತು. ಕಾಪಿ ಮತ್ತು ದಾಖಲೆ ಡೆಸ್ಕಿಗೆ ಮೇಲ್ ಆಗಿದ್ದವು, ದೂರಿಗಿಂತ ಮುಂಚಿನ ಸಮಯ ಅದರಲ್ಲಿತ್ತು. ಆರ್‌ಟಿಐ ಅರ್ಜಿಯ ಪೋಸ್ಟ್ ರಸೀದಿ ಇತ್ತು. ಹಣ ಕೇಳಲು ಹೊರಟವನು ತಿಂಗಳುಗಟ್ಟಲೆ ಮೊದಲು ಅರ್ಜಿ ಹಾಕಿ ಕಾಯುತ್ತಾನಾ ಅಂತ ವಕೀಲರು ಕೇಳಿದರು. ಫೋಟೊ ವಿಷಯದಲ್ಲಿ ಮಾತ್ರ ಕೂದಲೆಳೆ ಅಂತರದಲ್ಲಿ ಪಾರಾದೆವು. ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ಸಮಯ, ಜಾಗದ ವಿವರವೂ ಅಳಿಸಿ ಹೋಗುತ್ತದೆ. ಡೆಸ್ಕಿನಲ್ಲಿ ಇದ್ದದ್ದು ಅಂಥ ಫೋಟೊ. ಮೂಲ ಫೋಟೊ ಅವರ ಮೆಮೊರಿ ಕಾರ್ಡಿನಲ್ಲಿ ಇನ್ನೂ ಇತ್ತು. ಸ್ಕ್ರೀನ್‌ಶಾಟ್ ತಂದರೆ ಸಾಲದು, ಫೋನ್ ಹಾಗೇ ಇಟ್ಟುಕೊಳ್ಳಿ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ ಅಂತ ವಕೀಲರು ಹೇಳಿದರು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಅಂತ ನಾವು ಕೇಳುತ್ತಿದ್ದದ್ದು ಇದೇ.

ದೂರು ಎಫ್‌ಐಆರ್ ಆಗಲಿಲ್ಲ. ಸುದ್ದಿ ಕೊನೆಗೂ ಬಂತು, ದೂರು ಕೊಟ್ಟ ವಿಷಯವೂ ಸೇರಿ ರಾಜ್ಯ ಪುಟದಲ್ಲೇ ಬಂತು. ಹುಟ್ಟುಹಬ್ಬದ ಫುಲ್ ಪೇಜ್ ಬೇರೆ ಪತ್ರಿಕೆಗೆ ಹೋಯಿತು. ಅಂಗಡಿಯ ಮಾಲೀಕರು ಬಾಡಿಗೆ ಕರಾರು ಮುಂದುವರಿಸುವುದಿಲ್ಲ ಅಂದರು. ಕಾರಣ ಕೇಳಿದರೆ, “ನನಗೂ ಊರಾಗ ಬಾಳೇ ಮಾಡೋದೈತಪಾ” ಅಂದರಂತೆ.

ಒತ್ತಡದ ದೊಡ್ಡ ಕಥೆಗಳು ನಮ್ಮ ಭಾಗದಲ್ಲೂ ಇವೆ. 2008ರಲ್ಲಿ ಬರೆದ ಒಂದು ವರದಿಗೆ ಗೌರಿ ಲಂಕೇಶ್ ಅವರಿಗೆ ಮಾನನಷ್ಟ ಪ್ರಕರಣದಲ್ಲಿ ಆರು ತಿಂಗಳ ಶಿಕ್ಷೆಯಾದದ್ದು ಇದೇ ಹುಬ್ಬಳ್ಳಿ ಕೋರ್ಟಿನಲ್ಲಿ, 2016ರ ನವೆಂಬರ್‌ನಲ್ಲಿ. ಆಗಲೇ ಜಾಮೀನೂ ಸಿಕ್ಕಿತು. ಎಂಟು ವರ್ಷ ಬೆಂಗಳೂರಿನಿಂದ ಇಲ್ಲಿಗೆ ಕೇಸು ನಡೆಸುವುದೇ ಒಂದು ಶಿಕ್ಷೆ. ಮುಂದಿನ ಸೆಪ್ಟೆಂಬರ್ 5ರಂದು ಅವರ ಕೊಲೆಯೇ ಆಯಿತು. 2017ರ ಜೂನ್‌ನಲ್ಲಿ ವಿಧಾನಸಭೆ ಹಕ್ಕುಚ್ಯುತಿ ಹೆಸರಿನಲ್ಲಿ ಇಬ್ಬರು ಪತ್ರಕರ್ತರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಅಂತ ನಿರ್ಣಯಿಸಿದಾಗ ಸಭಾಧ್ಯಕ್ಷರ ಪೀಠದಲ್ಲಿ ಇದ್ದವರು ನಮ್ಮ ರಾಣೆಬೆನ್ನೂರಿನ ಶಾಸಕರು. ಒಂದು ಪ್ರಕರಣದಲ್ಲಿ ಕೋರ್ಟು, ಇನ್ನೊಂದರಲ್ಲಿ ಸದನ. ಎರಡರಲ್ಲೂ ಕಾಗದ ಇತ್ತು, ಹೆಸರಿತ್ತು, ಖಂಡಿಸಲು ಜನ ಇದ್ದರು. ತಾಲ್ಲೂಕಿನ ವರದಿಗಾರನ ಪ್ರಕರಣದಲ್ಲಿ ಕಾಗದವೇ ಹುಟ್ಟುವುದಿಲ್ಲ. ಒಂದು ಫೋನು, ಒಂದು ಆರ್‌ಒ, ಒಂದು “ತಡೀರಿ”. ಪ್ರೆಸ್ ಕೌನ್ಸಿಲ್‌ಗೆ ಹೋದರೂ ಏನಂತ ದೂರು ಕೊಡುವುದು? ಅದಕ್ಕೆ ಎಚ್ಚರಿಸುವ, ಖಂಡಿಸುವ ಅಧಿಕಾರ ಇದೆ, ಶಿಕ್ಷಿಸುವ ಅಧಿಕಾರ ಇಲ್ಲ. ಅದರ ಮುಂದೆ ಇಡಲು ಆ ರಾತ್ರಿಯ ಒಂದು ಸಾಲೂ ನಮ್ಮಲ್ಲಿ ಬರಹದಲ್ಲಿ ಇರಲಿಲ್ಲ.

ಈಗ ನನ್ನ ಡೆಸ್ಕಿನಲ್ಲಿ ಕೆಲವು ವಿಷಯಕ್ಕೆ ನಾನು ಜಗ್ಗುವುದಿಲ್ಲ. ತಕರಾರಿನ ಸುದ್ದಿಗೆ ಪ್ರತಿಕ್ರಿಯೆ ಕೇಳುವುದು ಡೆಸ್ಕಿನ ಮೇಲ್‌ನಿಂದ, ಪ್ರಶ್ನೆ ಹಾಕಿ, ಉತ್ತರಕ್ಕೆ ಇಷ್ಟು ಗಂಟೆ ಅಂತ ಬರೆದು. ವರದಿಗಾರರ ಸ್ವಂತ ನಂಬರಿನಿಂದ ಬೇಡ. ಪ್ರಶ್ನೆ ಹೋದ ಮೇಲೆ ಸುದ್ದಿ ನಿಲ್ಲಬೇಕಾದರೆ ಸುದ್ದಿಯೊಳಗೇ ಅನುಮಾನ ಇರಬೇಕು. ಯಾರಾದರೂ ತಡೀರಿ ಅಂದರೆ, “ಆಯ್ತು ಸರ್, ಕಾರಣ ಬರೆದು ಎರಡು ಸಾಲು ಮೇಲ್ ಹಾಕ್ರಿ” ಅನ್ನುತ್ತೇನೆ. ಮೇಲ್ ಬರುವುದು ಕಡಿಮೆ, ಸುದ್ದಿ ಹೋಗುವುದು ಜಾಸ್ತಿ. ಇದರಿಂದ ಕೆಲವರಿಗೆ ನನ್ನ ಮೇಲೆ ಸಿಟ್ಟಿದೆ, ಇರಲಿ. ಫೋಟೊ ಡಾಕ್ಯುಮೆಂಟ್ ಆಗಿಯೇ ಬರಬೇಕು, ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ.

ಬೈಲೈನ್ ಬಗ್ಗೆ ನಮ್ಮಲ್ಲಿ ಜಗಳವೇ ಆಯಿತು. ಹೆಸರು ತೆಗೆದು ‘ನಮ್ಮ ಪ್ರತಿನಿಧಿ’ ಅಂತ ಹಾಕೋಣ, ಅವರಿಗೆ ಅಪಾಯ ಕಡಿಮೆ ಅಂದೆ. ಅವರು ಒಪ್ಪಲಿಲ್ಲ. “ಊರಾಗ ಯಾರು ಬರದಾರ ಅಂತ ಎಲ್ಲಾರಿಗೂ ಗೊತ್ತಿರ್ತೈತ್ರಿ ಸರ್. ಹೆಸರು ಹಾಕಿದ್ರ ಪೇಪರ್ ನನ್ನ ಹಿಂದ ಐತಿ ಅಂತನೂ ಗೊತ್ತಾಗ್ತೈತಿ.” ಈಗ ಅವರ ಹೆಸರು ಹಾಕುತ್ತೇವೆ.

ಹೊಸ ಐಡಿ ಕಾರ್ಡ್ ಸಿಕ್ಕಿದೆ, ನೇಮಕಾತಿ ಪತ್ರ ಇನ್ನೂ ಇಲ್ಲ. ಅಂಗಡಿ ಎರಡು ಬೀದಿ ಆಚೆ ಹೋಗಿದೆ, ಗಿರಾಕಿ ಕಡಿಮೆ. ಈ ಸಲದ ದೀಪಾವಳಿ ಟಾರ್ಗೆಟ್ ಪಟ್ಟಿಯಿಂದ ಅವರ ಹೆಸರು ತೆಗೆಸಿದ್ದೇನೆ. ಶಿರಹಟ್ಟಿ, ರೋಣ, ನರಗುಂದ, ಶಿಗ್ಗಾವಿ, ಹಾನಗಲ್, ಈ ಊರುಗಳ ವರದಿಗಾರರ ಹೆಸರು ಪಟ್ಟಿಯಲ್ಲಿ ಹಾಗೇ ಇವೆ. ಜಾಹೀರಾತಿಗೆ ಬೇರೆ ಏಜೆಂಟರನ್ನು ಇಡಿ, ವರದಿಗಾರರನ್ನು ಬಿಟ್ಟುಬಿಡಿ ಅಂತ ಮೇಲಿನವರಿಗೆ ಬರೆದಿದ್ದೇನೆ. ಬಜೆಟ್ ಮೀಟಿಂಗ್‌ನಲ್ಲಿ ನೋಡೋಣ ಅಂದಿದ್ದಾರೆ.