ಬಿರುಕು ಬಿಟ್ಟ ಹಾಸುಗಲ್ಲು

ಇಂಗ್ಲೆಂಡಿನ ಬಾತ್ ಊರಿಗೆ ಹೋದವರೆಲ್ಲ ಮೊದಲು ರೋಮನ್ನರ ಸ್ನಾನದ ಕೊಳ ನೋಡುತ್ತಾರೆ. ನಾವೂ ನೋಡಿದೆವು. ಚೆನ್ನಾಗಿದೆ, ಆದರೆ ಆ ಜನಜಂಗುಳಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಅಲ್ಲಿದ್ದ ಎರಡು ದಿನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನ್ಯೂ ಕಿಂಗ್ ಸ್ಟ್ರೀಟಿನ 19ನೇ ನಂಬರಿನ ಮನೆ, ಈಗಿನ ಹರ್ಷೆಲ್ ಮ್ಯೂಸಿಯಂ.

ಮೊದಲ ದಿನ ಮಳೆಯಲ್ಲಿ ನೆನೆದುಕೊಂಡು ಹೋದರೆ ಬಾಗಿಲು ಹಾಕಿತ್ತು. ಆ ಬೇಜಾರು ಇನ್ನೂ ಹೋಗಿಲ್ಲ. ತೆರೆದಿರುವ ದಿನ, ಮುಚ್ಚುವ ಹೊತ್ತು ಎರಡನ್ನೂ ನೋಡಿಕೊಂಡೇ ಹೊರಡಿ.

ವಿಲಿಯಂ ಹರ್ಷೆಲ್ ಹ್ಯಾನೋವರ್‌ನಿಂದ ಬಂದವನು. ಹೊಟ್ಟೆಪಾಡಿಗೆ ಸಂಗೀತ: ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುವುದು, ಮಕ್ಕಳಿಗೆ ಪಾಠ. ರಾತ್ರಿಯಾದರೆ ಆಕಾಶ. 1781ರ ಮಾರ್ಚ್ 13ರಂದು ಇದೇ ಹಿತ್ತಲಲ್ಲಿ, ತಾನೇ ಮಾಡಿದ ಏಳು ಅಡಿ ಉದ್ದದ ದೂರದರ್ಶಕದಲ್ಲಿ ಅವನಿಗೆ ಯುರೇನಸ್ ಕಂಡಿತು. ಮೊದಲು ಧೂಮಕೇತು ಅಂದುಕೊಂಡಿದ್ದ.

ಆ ದೂರದರ್ಶಕದ ಪ್ರತಿಕೃತಿ ಅಲ್ಲಿದೆ. ಎಂಟು ಮುಖದ ಮರದ ಕೊಳವೆ. ಅಂಥದ್ದರ ತಳದಲ್ಲಿ ಕೂರುತ್ತಿದ್ದ ಕನ್ನಡಿ ಗಾಜಿನದಲ್ಲ. ತಾಮ್ರ, ತವರ ಬೆರೆಸಿ ಎರಕ ಹೊಯ್ದು, ಗಂಟೆಗಟ್ಟಲೆ ಉಜ್ಜಿ ಹೊಳಪು ತಂದ ಲೋಹ.

ಹಿಂಭಾಗದ ಕೆಲಸದ ಕೋಣೆಗೆ ಬಂದೆ. ಅಡುಗೆಮನೆಗೆ ಅಂಟಿಕೊಂಡೇ ಇದೆ. ನೆಲದ ಹಾಸುಗಲ್ಲುಗಳಲ್ಲಿ ಬಿರುಕು. ಹಳೇ ಮನೆ ಅಲ್ವಾ ಎಂದು ದಾಟಿ ಹೋಗುತ್ತಿದ್ದೆ. ಅಲ್ಲಿದ್ದ ವಯಸ್ಸಾದ ಮಹಿಳೆ ತಡೆದರು. "ಅದು ಸುಮ್ನೆ ಬಿಟ್ಟ ಬಿರುಕಲ್ಲ" ಎಂದರು.

ಅದೇ 1781ರಲ್ಲಿ ಹರ್ಷೆಲ್ ಮೂರು ಅಡಿ ಅಗಲದ ಕನ್ನಡಿಗೆ ಕೈ ಹಾಕಿದ್ದ. ಕುಲುಮೆ ಸೋರಿತು. ಕರಗಿದ ಲೋಹ ನೆಲಕ್ಕೆ ಹರಿದು, ಕಲ್ಲುಗಳು ಸಿಡಿದು ಸೂರಿನತನಕ ಹಾರಿದವು. ಎಲ್ಲರೂ ಓಡಿದರು. ಸುಸ್ತಾದ ಹರ್ಷೆಲ್ ಇಟ್ಟಿಗೆ ಚೂರಿನ ರಾಶಿಯ ಮೇಲೆ ಕುಸಿದು ಬಿದ್ದ.

"ಎರಕದ ಅಚ್ಚು ಯಾವುದರದ್ದು ಗೊತ್ತಾ?" ಎಂದು ಕೇಳಿದರು. ನಾನು ಮಣ್ಣಿನದು ಎಂದೆ.

"ಕುದುರೆ ಲದ್ದಿ. ಒಣಗಿಸಿ, ಕುಟ್ಟಿ, ಜರಡಿ ಹಿಡಿಯಬೇಕು. ಅದನ್ನು ಕುಟ್ಟಿದವಳು ತಂಗಿ ಕ್ಯಾರೊಲಿನ್."

ಕ್ಯಾರೊಲಿನ್ ಎತ್ತರ ನಾಲ್ಕು ಅಡಿ ಚಿಲ್ಲರೆ. ಚಿಕ್ಕಂದಿನ ಕಾಯಿಲೆಯಿಂದ ಬೆಳವಣಿಗೆ ನಿಂತಿತ್ತು. ತಾಯಿ ಅವಳನ್ನು ಮನೆಗೆಲಸಕ್ಕೇ ಇಟ್ಟುಕೊಂಡಿದ್ದಳು. 1772ರಲ್ಲಿ ಅಣ್ಣ ಬಾತ್‌ಗೆ ಕರೆತಂದ. ಒಮ್ಮೆ ಅವನು ಹದಿನಾರು ಗಂಟೆ ಕನ್ನಡಿಯಿಂದ ಕೈ ತೆಗೆಯದೆ ಉಜ್ಜುತ್ತಿದ್ದಾಗ, ಪಕ್ಕದಲ್ಲಿ ನಿಂತು ಅವನ ಬಾಯಿಗೆ ತುತ್ತಿಟ್ಟವಳು ಇವಳೇ.

ನನಗೆ ಕಣ್ಣು ತುಂಬಿತು. ದೂರದರ್ಶಕದ ಮುಂದೆ ನಿಂತು ಒಬ್ಬನ ಹೆಸರನ್ನಷ್ಟೇ ನೆನೆದಿದ್ದೆ. ಈಗ ಲದ್ದಿ ಕುಟ್ಟುವ ಆ ಪುಟ್ಟ ಕೈಗಳು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಅವಳಿಗೆ ಏನು ಸಿಕ್ಕಿತು?" ಎಂದೆ.

"1787ರಿಂದ ರಾಜನ ಸಂಬಳ, ವರ್ಷಕ್ಕೆ 50 ಪೌಂಡ್. ಅಣ್ಣನಿಗೆ 200." ಸ್ವಲ್ಪ ತಡೆದು, "ಎಂಟು ಧೂಮಕೇತು ಕಂಡುಹಿಡಿದಳು" ಎಂದರು, ಮನೆಮಗಳ ವಿಷಯ ಹೇಳುವ ಹಾಗೆ.

ಹಿತ್ತಲಿಗೆ ಹೋದೆವು. ಪುಟ್ಟ ಜಾಗ, ಸುತ್ತ ಗೋಡೆ. ಮಳೆ ನಿಂತಿತ್ತು.