ಕಾಟಾ ಮುಂದೆ ನಿಂತ ಲಾರಿಗಳು, ಪದೇ ಪದೇ ಲಾಕ್ ಆಗುತ್ತಿದ್ದ ಒಂದು ಯೂಸರ್

ನಾನು ಕೆಲಸ ಮಾಡುವುದು ಕೊಪ್ಪಳ ಜಿಲ್ಲೆಯ ಗಿಣಿಗೇರಾ ಸೀಮೆಯ ಒಂದು ಕಾರ್ಖಾನೆಯ ಐಟಿ ವಿಭಾಗದಲ್ಲಿ. ಸಂಡೂರು, ಹೊಸಪೇಟೆ ಕಡೆಯಿಂದ ಅದಿರಿನ ಲಾರಿಗಳು ಹಗಲು ರಾತ್ರಿ ಬರುತ್ತಲೇ ಇರುತ್ತವೆ. ಏಪ್ರಿಲ್ ಕೊನೆಯ ವಾರ, ಬೆಳಿಗ್ಗೆ ಆರೂವರೆಗೆ ಕಾಟಾ ಕ್ಯಾಬಿನ್‌ನಿಂದ ಫೋನ್ ಬಂತು.

"ಸರ, ತೂಕ ಹೋಗವಲ್ದು. ಕನೆಕ್ಷನ್ ಫೇಲ್ಡ್ ಅಂತ ಬರಾಕತ್ತೈತಿ. ಹೊರಗ ಮೂವತ್ತು ಗಾಡಿ ನಿಂತಾವ."

ಈ ಕೆಲಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ತುಂಬಿದ ಲಾರಿ ಕಾಟಾ ಹತ್ತಿದಾಗ ತೂಕ ಮೊದಲು ಕ್ಯಾಬಿನ್‌ನ ಪಿಸಿಗೆ ಬರುತ್ತದೆ. ಅಲ್ಲಿರುವ ಒಂದು ಮಧ್ಯದ ಪ್ರೋಗ್ರಾಂ ಆ ತೂಕವನ್ನು ಹಿಡಿದು ಕಾರ್ಖಾನೆಯ ದಾಸ್ತಾನು, ಲೆಕ್ಕ ಎಲ್ಲ ಇಡುವ ನಮ್ಮ ಸ್ಯಾಪ್ ಸಾಫ್ಟ್‌ವೇರ್‌ನ ಸರ್ವರ್‌ನಲ್ಲಿರುವ ಒಂದು ಫಂಕ್ಷನ್ ಅನ್ನು ದೂರದಿಂದಲೇ ಕರೆಯುತ್ತದೆ. ಇದಕ್ಕೇ ಆರ್‌ಎಫ್‌ಸಿ ಅನ್ನುವುದು. ಸ್ಯಾಪ್ ಒಂದು ನಂಬರ್ ವಾಪಸ್ ಕೊಟ್ಟರೆ ಚೀಟಿ ಪ್ರಿಂಟ್ ಆಗುತ್ತದೆ, ಚೀಟಿ ಸಿಕ್ಕರೆ ಗಾಡಿ ಯಾರ್ಡಿಗೆ ಹೋಗುತ್ತದೆ. ನಂಬರ್ ಬರಲಿಲ್ಲ ಅಂದರೆ ಗಾಡಿ ಕಾಟಾ ಮೇಲೇ ನಿಲ್ಲುತ್ತದೆ, ಅದರ ಹಿಂದಿನದೂ ನಿಲ್ಲುತ್ತದೆ.

ನಾನು ಆಫೀಸಿನಲ್ಲೇ ಕೂತು ಎಸ್‌ಎಂ59 ತೆರೆದೆ. ಸ್ಯಾಪ್‌ನಲ್ಲಿ ಹೊರಗಿನ ಸಿಸ್ಟಂಗಳ ವಿಳಾಸಗಳೆಲ್ಲ ಇರುವುದು ಅಲ್ಲಿ. ಕಾಟಾದ ಹೆಸರಿನ ಮೇಲೆ ಕನೆಕ್ಷನ್ ಟೆಸ್ಟ್ ಒತ್ತಿದೆ, ಪಾಸ್ ಆಯಿತು. "ನಮ್ಮ ಕಡೆ ಸರಿ ಐತಿ, ನಿಮ್ಮ ಪಿಸಿ ನೋಡ್ರಿ" ಎಂದು ಫೋನಿನಲ್ಲಿ ಹೇಳಿದೆ. ಆ ಒಂದು ಮಾತಿಗೆ ಮುಕ್ಕಾಲು ಗಂಟೆ ಹೋಯಿತು.

ನಾನು ಪರೀಕ್ಷಿಸಿದ್ದು ಸ್ಯಾಪ್‌ನಿಂದ ಕಾಟಾಕ್ಕೆ ಹೋಗುವ ದಾರಿ. ಆವತ್ತು ಬರಬೇಕಾದ ಗಾಡಿಗಳ ಪಟ್ಟಿ ಆ ದಾರಿಯಲ್ಲಿ ಹೋಗುತ್ತದೆ. ತೂಕ ಬರುವುದು ಕಾಟಾದಿಂದ ಸ್ಯಾಪ್‌ಗೆ, ಎದುರು ದಿಕ್ಕಿನಲ್ಲಿ. ಅದರ ಬಗ್ಗೆ ಎಸ್‌ಎಂ59 ಏನೂ ಹೇಳುವುದಿಲ್ಲ. ನಮ್ಮ ಮನೆಯಿಂದ ಅವರ ಮನೆಗೆ ದಾರಿ ಸರಿಯಿದೆ ಎಂದು ನೋಡಿ ಬಂದಿದ್ದೆ. ಅವರು ನಮ್ಮ ಬಾಗಿಲಲ್ಲೇ ನಿಂತು ಕದ ಬಡಿಯುತ್ತಿದ್ದುದು ಕೇಳಿಸಿರಲಿಲ್ಲ. ಈಗ ಯಾರೇ ಕನೆಕ್ಷನ್ ಹೋಗಿದೆ ಅಂದರೂ ನನ್ನ ಮೊದಲ ಪ್ರಶ್ನೆ, ಯಾರು ಯಾರನ್ನು ಕರೆಯುತ್ತಿದ್ದಾರೆ ಎಂಬುದು.

ಆ ಟೆಸ್ಟ್ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಹೊಸಬರು ಇಲ್ಲಿ ಬಹಳ ಎಡವುತ್ತಾರೆ. ಒಂದು ಸ್ಯಾಪ್‌ನಿಂದ ಇನ್ನೊಂದು ಸ್ಯಾಪ್‌ಗೆ ಹೋಗುವ ಕನೆಕ್ಷನ್‌ನಲ್ಲಿ ಪಾಸ್‌ವರ್ಡ್ ತಪ್ಪಿದ್ದರೂ ಕನೆಕ್ಷನ್ ಟೆಸ್ಟ್ ಪಾಸ್ ಆಗಬಹುದು. ಅದು ನೋಡುವುದು ಆ ಕಡೆಯ ಗೇಟ್‌ವೇ, ಅಂದರೆ ಹೊರಗಿನ ಕರೆಗಳು ಬರುವ ಬಾಗಿಲು, ಉತ್ತರ ಕೊಡುತ್ತದೆಯೇ ಎಂಬುದನ್ನು. ಲಾಗಿನ್ ಆಗುತ್ತದೆಯೇ ಎಂದು ತಿಳಿಯಲು ಅಲ್ಲೇ ಇರುವ ಅಥರೈಸೇಶನ್ ಟೆಸ್ಟ್ ಬೇರೆಯಾಗಿ ಮಾಡಬೇಕು. ಅದೂ ಪಾಸಾಗಿ, ಯೂಸರ್‌ಗೆ ಆ ಫಂಕ್ಷನ್ ಕರೆಯುವ ಹಕ್ಕು, ಅಂದರೆ ಎಸ್_ಆರ್‌ಎಫ್‌ಸಿ, ಇಲ್ಲದಿದ್ದರೆ ಕೆಲಸ ಕೊನೆಯ ಮೆಟ್ಟಿಲಲ್ಲಿ ನಿಲ್ಲುತ್ತದೆ.

ಏಳೂವರೆಗೆ ನಾನೇ ಕಾಟಾ ಹತ್ತಿರ ಹೋದೆ. ಗಾಡಿಗಳ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಆ ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಕೆಲವರು ಗಾಡಿಯ ನೆರಳಲ್ಲಿ ಟವೆಲ್ ಹಾಸಿಕೊಂಡು ಕೂತಿದ್ದರು. ವಯಸ್ಸಾದ ಡ್ರೈವರ್ ಒಬ್ಬರು ಎದ್ದು ಬಂದರು.

"ನಸುಕಿನ್ಯಾಗ ಬಂದೇನ್ರಿ ಸರ, ಇನ್ನೂ ಗಾಡಿ ಕಾಟಾ ಹತ್ತಿಲ್ಲ. ಎರಡು ಟ್ರಿಪ್ ಹೊಡಿಬೇಕಿತ್ರಿ ಇವತ್ತು, ಒಂದಕ್ಕ ಹೊತ್ತು ಹೊಂಟೈತಿ."

ಅವರಿಗೆ ದುಡ್ಡು ಬರುವುದು ಟ್ರಿಪ್ ಲೆಕ್ಕದಲ್ಲಿ. ನಮ್ಮ ಟಿಕೆಟ್‌ನಲ್ಲಿ 'ಇಂಟರ್‌ಫೇಸ್ ಡೌನ್' ಎಂಬ ಎರಡು ಪದ ಇತ್ತು. ಅವರ ಪಾಲಿಗೆ ಅದು ಆ ದಿನದ ಅರ್ಧ ದುಡಿಮೆ. ಆಫೀಸಿನ ಕುರ್ಚಿಯಲ್ಲೇ ಕೂತಿದ್ದರೆ ಇದು ನನ್ನ ತಲೆಗೆ ಹೋಗುತ್ತಿರಲಿಲ್ಲ.

ಕ್ಯಾಬಿನ್‌ನಲ್ಲಿ ನೆಟ್‌ವರ್ಕ್ ಹುಡುಗ, ಸರ್ವರ್ ನೆಟ್‌ವರ್ಕ್‌ನಲ್ಲಿ ಸಿಗುತ್ತದೆಯೇ ಎಂದು ನೋಡುವ ಪಿಂಗ್ ಹಚ್ಚಿಕೊಂಡು ಕೂತಿದ್ದ. ಪಿಂಗ್ ಹೋಗುತ್ತಿತ್ತು. ಆದರೆ ಪಿಂಗ್ ಹೋದ ಮಾತ್ರಕ್ಕೆ ಸ್ಯಾಪ್‌ನ ಬಾಗಿಲು ತೆರೆದಿದೆ ಅಂತಲ್ಲ. ಆರ್‌ಎಫ್‌ಸಿ ಒಳಗೆ ಬರುವುದು ಗೇಟ್‌ವೇ ಪೋರ್ಟ್‌ನಿಂದ. 33ರ ನಂತರ ಸ್ಯಾಪ್ ಸರ್ವರ್‌ನ ಎರಡಂಕಿಯ ಇನ್‌ಸ್ಟನ್ಸ್ ನಂಬರ್ ಸೇರಿಸಿದರೆ ಅದು ಸಿಗುತ್ತದೆ. ನಮ್ಮದು 00, ಹಾಗಾಗಿ 3300. ಟೆಲ್ನೆಟ್‌ನಿಂದ ನೋಡಿದೆವು, ಪೋರ್ಟ್ ತೆರೆದೇ ಇತ್ತು. ಫೈರ್‌ವಾಲ್ ಮೇಲಿನ ಅನುಮಾನ ಅಲ್ಲಿಗೆ ತೀರಿತು.

ಆಮೇಲೆ ಮಧ್ಯದ ಪ್ರೋಗ್ರಾಂನ ಲಾಗ್ ಫೈಲ್ ತೆರೆದೆ. ಬೆಳಿಗ್ಗೆ ಮೊದಲು ಮಾಡಬೇಕಾಗಿದ್ದ ಕೆಲಸ ಇದು. ಸ್ಕ್ರೀನ್ ಮೇಲೆ ಬರೀ 'ಕನೆಕ್ಷನ್ ಫೇಲ್ಡ್' ಅನ್ನುತ್ತಿದ್ದ ಆ ಪ್ರೋಗ್ರಾಂ, ಸ್ಯಾಪ್ ಕೊಟ್ಟ ಉತ್ತರವನ್ನು ಫೈಲಿನಲ್ಲಿ ಪೂರ್ತಿ ಬರೆದಿಟ್ಟಿತ್ತು: ತಪ್ಪು ಪ್ರಯತ್ನಗಳು ಹೆಚ್ಚಾಗಿವೆ, ಇನ್ನು ಪಾಸ್‌ವರ್ಡ್‌ನಿಂದ ಲಾಗಿನ್ ಆಗುವುದಿಲ್ಲ. ಅಂದರೆ ಕನೆಕ್ಷನ್ ಹೋಗೇ ಇರಲಿಲ್ಲ. ಕಾಟಾ ಪಿಸಿಗಳೆಲ್ಲ ಸ್ಯಾಪ್‌ಗೆ ಲಾಗಿನ್ ಆಗಲು ಬಳಸುತ್ತಿದ್ದ ಒಂದೇ ಯೂಸರ್ ಲಾಕ್ ಆಗಿತ್ತು.

ಸ್ಯಾಪ್‌ನಲ್ಲಿ ಯೂಸರ್‌ಗಳನ್ನು ನೋಡಿಕೊಳ್ಳುವ ಎಸ್‌ಯು01ಗೆ ಹೋಗಿ ಅನ್‌ಲಾಕ್ ಮಾಡಿಸಿದೆ. ಒಂದು ಗಾಡಿ ದಾಟಿತು. ಎರಡನೆಯದು ಹತ್ತುವಷ್ಟರಲ್ಲಿ ಮತ್ತೆ ಲಾಕ್. ಮತ್ತೆ ಅನ್‌ಲಾಕ್, ಮತ್ತೆ ಲಾಕ್. ಪಾಸ್‌ವರ್ಡನ್ನೇ ಬದಲಿಸಿಬಿಡೋಣ ಎಂದು ಒಬ್ಬರು ಅಂದರು. ಐದು ತಪ್ಪಿಗೆ ಲಾಕ್ ಆಗುವ ಮಿತಿಯನ್ನು ಐವತ್ತಕ್ಕೆ ಏರಿಸೋಣ ಅಂದರು ಇನ್ನೊಬ್ಬರು. ಎರಡಕ್ಕೂ ನಾನು ಒಪ್ಪಲಿಲ್ಲ. ಎಲ್ಲೋ ಯಾರೋ ತಪ್ಪು ಪಾಸ್‌ವರ್ಡ್ ಹಿಡಿದು ಬಾಗಿಲು ಬಡಿಯುತ್ತಿರುವಾಗ ಬೀಗ ಬದಲಿಸಿದರೆ ಬಡಿಯುವುದು ನಿಲ್ಲುವುದಿಲ್ಲ. ಮಿತಿ ಏರಿಸಿದರೆ ಬಡಿಯುವವರಿಗೆ ಇನ್ನಷ್ಟು ಹೊತ್ತು ಕೊಟ್ಟ ಹಾಗಾಗುತ್ತದೆ. ಬಡಿಯುವವರು ಯಾರು ಎಂದು ಮೊದಲು ಗೊತ್ತಾಗಬೇಕಿತ್ತು.

ಅದು ಗೊತ್ತಾಗಿದ್ದು ಎಸ್‌ಎಂ20ರಲ್ಲಿ, ಸೆಕ್ಯುರಿಟಿ ಆಡಿಟ್ ಲಾಗ್‌ನಲ್ಲಿ. ವಿಫಲವಾದ ಲಾಗಿನ್‌ಗಳು ಸಾಲುಸಾಲಾಗಿ, ಹತ್ತು ಸೆಕೆಂಡಿಗೊಂದು. ಎಲ್ಲದರ ಮುಂದೂ ಒಂದೇ ಟರ್ಮಿನಲ್ ಹೆಸರು, ಹಳೇ ಕಾಟಾದ ಪಿಸಿಯದು. ಆ ಕಾಟಾ ರಿಪೇರಿಗೆಂದು ಎರಡು ತಿಂಗಳು ಬಂದ್ ಇತ್ತು. ಅದರ ನಡುವೆ ನಾವು ಪಾಸ್‌ವರ್ಡ್ ಬದಲಿಸಿದ್ದೆವು. ಆಫ್ ಆಗಿದ್ದ ಪಿಸಿ ಯಾರ ನೆನಪಿಗೂ ಬಂದಿರಲಿಲ್ಲ. ರಿಪೇರಿ ಮುಗಿಯಿತೆಂದು ಹಿಂದಿನ ರಾತ್ರಿ ಪಾಳಿಯವರು ಅದನ್ನು ಆನ್ ಮಾಡಿದ್ದರು. ವಿಂಡೋಸ್ ಏಳುತ್ತಿದ್ದಂತೆ ಪ್ರೋಗ್ರಾಂ ತಾನಾಗಿ ಎದ್ದು, ಹಳೇ ಪಾಸ್‌ವರ್ಡ್ ಹಿಡಿದು ಪ್ರಯತ್ನಿಸುತ್ತಲೇ ಇತ್ತು. ಒಂದು ಗಾಡಿ ತೂಗಲು ಮೂರು ನಿಮಿಷ ಬೇಕು. ಐದು ತಪ್ಪು ತುಂಬಲು ಒಂದು ನಿಮಿಷವೂ ಬೇಡ.

ಆ ಪಿಸಿ ಆಫ್ ಮಾಡಿ, ಕೊನೆಯ ಸಲ ಅನ್‌ಲಾಕ್ ಮಾಡಿದಾಗ ಗಂಟೆ ಹತ್ತು.

ಅಲ್ಲಿಗೆ ಮುಗಿಯಲಿಲ್ಲ. ಎಂಟು ಗಂಟೆಯ ಹೊತ್ತಿಗೇ, ಕೈಚೀಟಿ ಬರೆದು ಕೆಲವು ಗಾಡಿ ಬಿಡಿ ಎಂದು ಮೇಲಿನವರು ಹೇಳಿದ್ದರು. ಸ್ಟೋರ್‌ನವರು ಆ ಚೀಟಿಗಳನ್ನು ಸ್ಯಾಪ್‌ನಲ್ಲಿ ಕೈಯಾರೆ ಎಂಟ್ರಿ ಮಾಡಿದ್ದರು. ಕನೆಕ್ಷನ್ ಬಂದ ಕೂಡಲೇ ಮಧ್ಯದ ಪ್ರೋಗ್ರಾಂ ತನ್ನಲ್ಲಿ ಉಳಿದಿದ್ದ ಅವೇ ತೂಕಗಳನ್ನು ಮತ್ತೆ ಕಳಿಸಿತು. ಹನ್ನೊಂದು ಗಾಡಿ ಎರಡೆರಡು ಸಲ ಜಮಾ ಆದವು. ಯಾರ್ಡಿನಲ್ಲಿ ಇಲ್ಲದ ಮುನ್ನೂರಕ್ಕೂ ಹೆಚ್ಚು ಟನ್ ಅದಿರು ಪುಸ್ತಕದಲ್ಲಿ ಕೂತಿತು. ಪ್ರತಿ ಎಂಟ್ರಿಯನ್ನೂ ಕೈಚೀಟಿಯ ಜೊತೆ ತಾಳೆ ನೋಡಿ, ಜಮಾ ರದ್ದು ಮಾಡುವ ಕೋಡ್ 102 ಹಾಕಿ ರಿವರ್ಸ್ ಮಾಡುವಷ್ಟರಲ್ಲಿ ರಾತ್ರಿ ಎಂಟಾಯಿತು. ಸ್ಟೋರ್‌ನ ಅಕ್ಕ ಒಬ್ಬರು ತಮ್ಮ ಊರಿನ ಕೊನೆಯ ಬಸ್ ಬಿಟ್ಟು ನನ್ನ ಜೊತೆ ಕೂತರು.

ನನ್ನ ಮಟ್ಟಿಗೆ ಆ ದಿನದ ದೊಡ್ಡ ತಪ್ಪು ಇದೇ. ಟಿಆರ್‌ಎಫ್‌ಸಿ ಎಂಬ ಇನ್ನೊಂದು ಬಗೆಯ ಆರ್‌ಎಫ್‌ಸಿಯಲ್ಲಿ ಪ್ರತಿ ಕರೆಗೂ ಒಂದು ಟ್ರಾನ್ಸಾಕ್ಷನ್ ಐಡಿ ಇರುತ್ತದೆ, ಅದೇ ಕರೆ ಎರಡನೇ ಸಲ ಬಂದರೆ ಸ್ಯಾಪ್ ಅದನ್ನು ನಡೆಸುವುದಿಲ್ಲ ಎಂದು ನಾವು ಧೈರ್ಯವಾಗಿರುತ್ತೇವೆ. ಆದರೆ ಮನುಷ್ಯರು ಬೆರಳಿನಿಂದ ಮಾಡಿದ ಎಂಟ್ರಿ ಆ ಐಡಿಗೆ ಗೊತ್ತಿರುವುದಿಲ್ಲ. ಕನೆಕ್ಷನ್ ಸರಿ ಮಾಡುವ ಮೊದಲೇ ನಾನು ಪ್ರೋಗ್ರಾಂನಲ್ಲಿ ಕಳಿಸಲು ಕಾದಿದ್ದ ತೂಕಗಳ ಕ್ಯೂ ನಿಲ್ಲಿಸಿ, ಕೈಯಿಂದ ಏನೇನು ಹಾಕಿದ್ದೀರಿ ಎಂದು ಸ್ಟೋರ್‌ನವರನ್ನು ಕೇಳಬೇಕಿತ್ತು. ಈಗ ಕೈಚೀಟಿಯ ಮೇಲೂ ಕಾಟಾದ ಚೀಟಿ ನಂಬರನ್ನೇ ಬರೆಯುತ್ತಾರೆ. ಅದೇ ನಂಬರ್ ಆಗಲೇ ಇದ್ದರೆ ಫಂಕ್ಷನ್ ಎರಡನೆಯದನ್ನು ತಿರಸ್ಕರಿಸುತ್ತದೆ.

ಪ್ರತಿ ಪಿಸಿಗೂ ಬೇರೆ ಬೇರೆ ಯೂಸರ್ ಮಾಡಿದ್ದೇವೆ. ಒಂದು ಲಾಕ್ ಆದರೆ ಅದೊಂದೇ ನಿಲ್ಲಬೇಕು. ಪ್ರೋಗ್ರಾಂ ಬರೆದವರಿಗೆ ಹೇಳಿ, ಲಾಗಿನ್ ತಪ್ಪಿದರೆ ಮತ್ತೆ ಮತ್ತೆ ಪ್ರಯತ್ನಿಸದೆ ನಿಲ್ಲುವಂತೆ, ಸ್ಯಾಪ್ ಕೊಟ್ಟ ಉತ್ತರ ಸ್ಕ್ರೀನ್ ಮೇಲೆ ಪೂರ್ತಿ ಕಾಣುವಂತೆ ಮಾಡಿಸಿದೆ.

ಕಳೆದ ತಿಂಗಳು ಪಾಸ್‌ವರ್ಡ್ ಬದಲಿಸುವ ಸರದಿ ಮತ್ತೆ ಬಂತು. ಪಟ್ಟಿಯಲ್ಲಿ ನಾಲ್ಕು ಪಿಸಿ ಇದ್ದವು, ಒಂದು ಆಫ್ ಆಗಿತ್ತು. ಅದನ್ನು ಆನ್ ಮಾಡಿಸಿ, ಪಾಸ್‌ವರ್ಡ್ ಬದಲಿಸಿ, ಖಾಲಿ ಲಾರಿಯೊಂದನ್ನು ಆ ಕಾಟಾ ಹತ್ತಿಸಿ, ಚೀಟಿ ಪ್ರಿಂಟ್ ಆಗಿ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಊಟಕ್ಕೆ ಎದ್ದೆ.