ಅಮೆರಿಕ ಅಫ್ಘಾನಿಸ್ತಾನ ಬಿಟ್ಟಿದ್ದು ಸರಿನಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಯುದ್ಧದ ಬಗ್ಗೆ ನಾನು ಏನೇ ಬರೆದರೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. "ಅಲ್ಲ, ಇಪ್ಪತ್ತು ವರ್ಷ ಅಲ್ಲಿದ್ದು, ಆಮೇಲೆ ನಡುನೀರಲ್ಲಿ ಕೈಬಿಟ್ಟು ಬಂದರಲ್ಲ, ಅದು ಸರಿನಾ?" ಕೇಳುವವರ ಮನಸ್ಸಲ್ಲಿ ಇರುವುದು 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗಿನ ಆ ವಿಡಿಯೋ. ಕಾಬೂಲ್ ವಿಮಾನ ನಿಲ್ದಾಣ, ಹೊರಟ ವಿಮಾನ, ಅದರ ಪಕ್ಕದಲ್ಲೇ ಓಡುತ್ತಿರುವ ಜನ.

ನನ್ನ ಉತ್ತರ ಇಷ್ಟು. ಹೊರಟಿದ್ದು ತಪ್ಪಲ್ಲ. ತಪ್ಪಾಗಿದ್ದು ಅದಕ್ಕೂ ಮೊದಲು, ಮತ್ತೆ ಆ ತಪ್ಪು ಆ ವಿಡಿಯೋದಲ್ಲಿ ಕಾಣುವುದಿಲ್ಲ.

ಮೊದಲು "ಇನ್ನೂ ಇರಬೇಕಿತ್ತು" ಅನ್ನುವ ವಾದ ನೋಡೋಣ. 2021ರ ಶುರುವಿನಲ್ಲಿ ಅಲ್ಲಿ ಉಳಿದಿದ್ದು ಸುಮಾರು 2,500 ಅಮೆರಿಕನ್ ಸೈನಿಕರು. ಒಂದು ವರ್ಷದಿಂದ ದಾಳಿಯಲ್ಲಿ ಅವರ ಕಡೆ ಒಬ್ಬರೂ ಸತ್ತಿರಲಿಲ್ಲ. ಇಷ್ಟು ಕಡಿಮೆ ಖರ್ಚಿಗೆ ಇಷ್ಟೆಲ್ಲಾ ನಡೆಯುತ್ತಿದ್ದಾಗ ಯಾಕೆ ಹೊರಡಬೇಕಿತ್ತು ಅಂತ ಕೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಯಾರೂ ಸಾಯದೇ ಇದ್ದಿದ್ದಕ್ಕೆ ಕಾರಣವೇ "ನಾವು ಹೊರಡುತ್ತೇವೆ" ಅಂತ ಕತಾರ್‌ನ ದೋಹಾದಲ್ಲಿ ಅಮೆರಿಕ ತಾಲಿಬಾನ್‌ಗೆ ಬರೆದುಕೊಟ್ಟ ಒಪ್ಪಂದ. ಅದನ್ನು ಮುರಿದಿದ್ದರೆ ಮತ್ತೆ ಯುದ್ಧ, ಮತ್ತೆ ಹೆಚ್ಚು ಸೈನಿಕರು, ಮತ್ತೆ ಬಾಂಬು. ಅಫ್ಘನ್ ಸೈನಿಕರಂತೂ ಆ ವರ್ಷವೂ ಸಾಯುತ್ತಲೇ ಇದ್ದರು. ಆ ಶಾಂತಿ ಅಮೆರಿಕನ್ನರಿಗೆ ಮಾತ್ರ ಸಿಕ್ಕಿತ್ತು.

ಇನ್ನು ಬಾಂಬಿನ ಮಾತು. 2019 ಒಂದೇ ವರ್ಷದಲ್ಲಿ ಅಮೆರಿಕ ಅಲ್ಲಿ 7,423 ಬಾಂಬು, ಕ್ಷಿಪಣಿ ಹಾಕಿತು. ಅದರ ಹಿಂದಿನ ಹತ್ತು ವರ್ಷಗಳಲ್ಲೇ ಇದು ಅತಿ ಹೆಚ್ಚು. ಅವು ಬಿದ್ದಿದ್ದು ಹೆಚ್ಚಾಗಿ ಹಳ್ಳಿಗಳ ಕಡೆ. ವಿಶ್ವಸಂಸ್ಥೆ ಲೆಕ್ಕ ಇಡಲು ಶುರು ಮಾಡಿದ 2009ರಿಂದ ಹತ್ತು ವರ್ಷದಲ್ಲಿ, ಎಲ್ಲ ಕಡೆಯವರ ಕೈಯಿಂದಲೂ ಸೇರಿ, ಸತ್ತ ಮತ್ತು ಗಾಯಗೊಂಡ ನಾಗರಿಕರೇ ಒಂದು ಲಕ್ಷ ದಾಟಿದ್ದರು. ನಾವು ಟಿವಿಯಲ್ಲಿ ನೋಡಿದ ಅಫ್ಘಾನಿಸ್ತಾನ ಕಾಬೂಲಿನದ್ದು. ದಕ್ಷಿಣದ ಹೆಲ್ಮಂದ್ ಪ್ರಾಂತ್ಯದ ಹಳ್ಳಿಯವರಿಗೆ 2021ರ ಆಗಸ್ಟ್ ಅಂದರೆ ರಾತ್ರಿ ದಾಳಿ ನಿಂತ ತಿಂಗಳು.

ಇಲ್ಲಿಗೆ ಬಂದಾಗ ಎಲ್ಲರೂ ಕೇಳುವ ಮರುಪ್ರಶ್ನೆ, "ಹಾಗಾದರೆ ಹೆಣ್ಣುಮಕ್ಕಳ ಗತಿ?" ನ್ಯಾಯವಾದ ಪ್ರಶ್ನೆ. ಆರನೇ ತರಗತಿ ಮೇಲಿನ ಹುಡುಗಿಯರಿಗೆ ತಾಲಿಬಾನ್ ಶಾಲೆ ಬಾಗಿಲು ತೆರೆಯಲೇ ಇಲ್ಲ, 2022ರ ಡಿಸೆಂಬರ್‌ನಲ್ಲಿ ಕಾಲೇಜೂ ಮುಚ್ಚಿತು. ಇದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ಆದರೆ ಒಂದು ಮಾತು ಕೇಳಲೇಬೇಕು: ಕಾಬೂಲಿನ ಹುಡುಗಿ ಓದಬೇಕು ಅಂತ ಹೆಲ್ಮಂದಿನ ಹುಡುಗಿಯ ಮನೆ ಮೇಲೆ ಇನ್ನೆಷ್ಟು ವರ್ಷ ಬಾಂಬು ಬೀಳಬೇಕಿತ್ತು? ಇಪ್ಪತ್ತು ವರ್ಷದಲ್ಲಿ ಗೆಲ್ಲಲು ಆಗದ್ದು ಇಪ್ಪತ್ತೊಂದನೇ ವರ್ಷ ಆಗುತ್ತಿತ್ತು ಅನ್ನುವುದಕ್ಕೆ ಯಾವ ಗುರುತೂ ಇರಲಿಲ್ಲ. "ಇಷ್ಟು ಜನ ಸತ್ತಿದ್ದು ಸುಮ್ನೆ ಆಗಬಾರದು" ಅಂತ ಇನ್ನಷ್ಟು ಜನರನ್ನು ಕಳಿಸುವುದು ನನಗೆ ನೀತಿ ಅನ್ನಿಸುವುದಿಲ್ಲ. ಜೂಜಲ್ಲಿ ಸೋತವನು ಕಳೆದಿದ್ದನ್ನು ವಾಪಸ್ ಪಡೆಯಲು ಮತ್ತೆ ಪಣ ಕಟ್ಟಿದ ಹಾಗೆ.

ಸರಿ, ತಪ್ಪಾಗಿದ್ದು ಎಲ್ಲಿ?

ನನ್ನ ಪ್ರಕಾರ 2020ರ ಫೆಬ್ರವರಿ 29ರಂದು, ದೋಹಾದಲ್ಲಿ. ಅಮೆರಿಕದ ಪರ ಝಲ್ಮಯ್ ಖಲೀಲ್‌ಜಾದ್, ತಾಲಿಬಾನ್ ಪರ ಮುಲ್ಲಾ ಬರಾದರ್ ಸಹಿ ಹಾಕಿದರು. ಯಾರ ದೇಶದ ಬಗ್ಗೆ ಸಹಿಯೋ ಆ ಸರ್ಕಾರ ಆ ಒಪ್ಪಂದದಲ್ಲಿ ಇರಲೇ ಇಲ್ಲ. ಆದರೆ ಆ ಅಫ್ಘನ್ ಸರ್ಕಾರದ ಜೈಲಲ್ಲಿದ್ದ 5,000 ತಾಲಿಬಾನ್ ಕೈದಿಗಳನ್ನು ಬಿಡಬೇಕು ಅಂತ ಮಾತು ಕೊಟ್ಟವರು ಅಮೆರಿಕನ್ನರು! ಇನ್ನೊಬ್ಬರ ಮನೆ ಬೀಗದ ಕೈ ಇವರು ಕೊಟ್ಟರು. ಟ್ರಂಪ್ ಮಾಡಿದ ಒಪ್ಪಂದ, ಬೈಡನ್ ಪೂರೈಸಿದರು, ಹಾಗಾಗಿ ಯಾವ ಪಕ್ಷದವರೂ ಇದರಲ್ಲಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಎರಡನೆಯದು ಇನ್ನೂ ಹಳೆಯ ತಪ್ಪು, ಇದರ ಬಗ್ಗೆ ಮಾತಾಡುವವರು ಕಡಿಮೆ. ಅಫ್ಘನ್ ಸೇನೆಯನ್ನು ಕಟ್ಟಿದ ರೀತಿಯೇ ಹಾಗಿತ್ತು. ಅವರಿಗೆ ಗೊತ್ತಿದ್ದ, ಅವರೇ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತಿದ್ದ ರಷ್ಯಾದ ಎಂಐ-17 ಹೆಲಿಕಾಪ್ಟರ್ ಬದಲಿಗೆ ಅಮೆರಿಕದ ಬ್ಲ್ಯಾಕ್ ಹಾಕ್ ಕೊಡಲು ಶುರು ಮಾಡಿದರು, ಅದನ್ನು ನೋಡಿಕೊಳ್ಳಲು ವಿದೇಶಿ ಕಂಪನಿಗಳ ಗುತ್ತಿಗೆ ನೌಕರರು ಬೇಕೇ ಬೇಕು. ಸೈನಿಕರ ಜೊತೆ ಆ ಮೆಕ್ಯಾನಿಕ್‌ಗಳೂ ಹೊರಟರು. ವಿಮಾನಗಳು ಒಂದೊಂದಾಗಿ ನಿಂತವು. ಸುತ್ತುವರಿದ ಠಾಣೆಗೆ ಗುಂಡು ಹೋಗಲಿಲ್ಲ, ಊಟ ಹೋಗಲಿಲ್ಲ. ಆಮೇಲೆ "ಅವರೇ ಹೋರಾಡಲಿಲ್ಲ" ಅಂತ ಬೈದರು. 66 ಸಾವಿರಕ್ಕೂ ಹೆಚ್ಚು ಅಫ್ಘನ್ ಸೈನಿಕರು, ಪೊಲೀಸರು ಆ ಯುದ್ಧದಲ್ಲಿ ಸತ್ತಿದ್ದಾರೆ, ಅಮೆರಿಕದವರು ಸತ್ತಿದ್ದು ಸುಮಾರು 2,400. ಹೋರಾಡದವರು ಇಷ್ಟು ಜನ ಸಾಯುತ್ತಾರಾ?

ಮೂರನೆಯದು ದುಭಾಷಿಗಳು, ಡ್ರೈವರ್‌ಗಳು. ಅಮೆರಿಕದ ಜೊತೆ ಕೆಲಸ ಮಾಡಿದವರಿಗೆ ವಿಶೇಷ ವೀಸಾ ಕೊಡುವ ಕಾನೂನು 2009ರಲ್ಲೇ ಬಂದಿತ್ತು. ಆದರೂ ಹೊರಡುವ ವರ್ಷ ಸುಮಾರು 18 ಸಾವಿರ ಅರ್ಜಿ ಬಾಕಿ ಬಿದ್ದಿದ್ದವು. ಅಂದು ಮೇಲಿದ್ದ ಅಧಿಕಾರಿಯ ಪತ್ರ ಬೇಕು, ಆ ದಾಖಲೆ ಬೇಕು, ಈ ದಾಖಲೆ ಬೇಕು. ಈ ಜನರ ಹತ್ತಿರ "ನಮ್ಮ ಜೊತೆ ಬನ್ನಿ" ಅಂತ ಯಾರೋ ಮುಖ ನೋಡಿ ಹೇಳಿದ್ದರು. ಬೇರೆ ದೇಶವನ್ನೇ ಬದಲಿಸುವ ಹೊಣೆ ಯಾವ ಸೇನೆಗೂ ಇಲ್ಲ ಅಂತ ನಾನು ಒಪ್ಪುತ್ತೇನೆ, ಆದರೆ ಹೆಸರು ಹಿಡಿದು ಕರೆದವರ ಹೊಣೆ ಇದೆ. ಆಗಸ್ಟ್‌ನಲ್ಲಿ 1,20,000ಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಕರೆದೊಯ್ದಿದ್ದು ನಿಜವಾಗಿಯೂ ದೊಡ್ಡ ಕೆಲಸ. ಆದರೆ ಗೇಟಿನ ತನಕ ತಲುಪಲು ಆದವರು ಹೋದರು, ಕಂದಹಾರ್‌ನಲ್ಲಿ ಸಿಕ್ಕಿಕೊಂಡವರು ಅಲ್ಲೇ ಉಳಿದರು.

ಇದನ್ನೆಲ್ಲ ಅಮೆರಿಕಕ್ಕೆ ಮಾತ್ರ ಹೇಳುತ್ತಿಲ್ಲ. ನಾವೂ ಮಾಡಿದ್ದೇವೆ. 1987ರ ಜುಲೈ ಒಪ್ಪಂದದ ಮೇಲೆ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಗೆ ಹೋಯಿತು, ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ವಾಪಸ್ ಬಂತು. ಅಲ್ಲಿನ ಅಧ್ಯಕ್ಷ ಪ್ರೇಮದಾಸ ಅವರೇ ಹೋಗಿ ಅಂದಿದ್ದರು, ಉಳಿಯುವ ಪ್ರಶ್ನೆಯೇ ಇರಲಿಲ್ಲ. ಆದರೆ ಹೊರಡುವ ಮೊದಲು ನಮ್ಮ ಬೆಂಬಲದಲ್ಲಿ ತಮಿಳು ರಾಷ್ಟ್ರೀಯ ಸೇನೆ ಅಂತ ಒಂದು ಪಡೆ ಕಟ್ಟಲಾಗಿತ್ತು. ಹಲವು ಹುಡುಗರನ್ನು ಬಲವಂತವಾಗಿ ಹಿಡಿದು ತಂದು ಸೇರಿಸಿದ್ದರು. ನಾವು ಹಿಂದೆ ಸರಿದ ಹಾಗೆ, ನಮ್ಮ ಪಡೆ ಹೋರಾಡುತ್ತಿದ್ದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಆ ಹುಡುಗರನ್ನು ಮುಗಿಸುತ್ತಾ ಬಂತು. ಶ್ರೀಲಂಕಾದ ಈಶಾನ್ಯ ಪ್ರಾಂತ್ಯದ ಮುಖ್ಯಮಂತ್ರಿ ವರದರಾಜ ಪೆರುಮಾಳ್ ಭಾರತಕ್ಕೆ ಬಂದು ಉಳಿದುಕೊಂಡರು, ಆ ಹುಡುಗರಿಗೆ ಹಾಗೆ ಬರುವ ದಾರಿ ಇರಲಿಲ್ಲ. ನಮ್ಮ ಯೋಧರ ನೆನಪು ನಮಗಿದೆ, ಆ ಹುಡುಗರ ಮಾತು ನಮ್ಮಲ್ಲಿ ಬರುವುದೇ ಇಲ್ಲ.

"ಅಫ್ಘಾನಿಸ್ತಾನದಲ್ಲಿ ನಮ್ಮ ಸೈನ್ಯ ಇರಲಿಲ್ಲವಲ್ಲ, ನಮಗೇನು?" ಅಂತಲೂ ಕೇಳುತ್ತಾರೆ. ಸೈನ್ಯ ಇರಲಿಲ್ಲ, ವಿದ್ಯಾರ್ಥಿಗಳಿದ್ದರು. ನಮ್ಮ ವಿದ್ಯಾರ್ಥಿವೇತನದಲ್ಲಿ ಅಫ್ಘನ್ ಹುಡುಗ ಹುಡುಗಿಯರು ದೇಶದ ಎಲ್ಲ ಕಡೆ ಓದುತ್ತಿದ್ದರು, ಮೈಸೂರು, ಬೆಂಗಳೂರಿನಲ್ಲೂ. ಕೋವಿಡ್ ಅಂತ ಎಷ್ಟೋ ಜನ ಊರಿಗೆ ಹೋಗಿದ್ದರು. ಕಾಬೂಲ್ ಬಿದ್ದ ಹತ್ತೇ ದಿನಕ್ಕೆ, ಭಾರತದ ಹೊರಗಿದ್ದ ಅಫ್ಘನ್ನರಿಗೆ ಮೊದಲು ಕೊಟ್ಟಿದ್ದ ವೀಸಾಗಳನ್ನೆಲ್ಲ ನಮ್ಮ ಸರ್ಕಾರ ರದ್ದು ಮಾಡಿತು, ಇ-ವೀಸಾಗೆ ಹೊಸದಾಗಿ ಅರ್ಜಿ ಹಾಕಿ ಅಂದಿತು. ಭದ್ರತೆಯ ಕಾರಣ ಇತ್ತು, ಇರಲಿ. ಆದರೆ ನಾವೇ ಕರೆದು ಸೀಟು ಕೊಟ್ಟಿದ್ದ ಮಕ್ಕಳು ತಿಂಗಳುಗಟ್ಟಲೆ ಆ ಅರ್ಜಿ ಹಿಡಿದು ಕಾಯಬೇಕಾಯಿತು. ಅಮೆರಿಕವನ್ನು ಗಂಟೆಗಟ್ಟಲೆ ಬೈದ ನಮ್ಮ ಟಿವಿ ಚಾನೆಲ್‌ಗಳಲ್ಲಿ ಇದರ ಬಗ್ಗೆ ಒಂದು ಚರ್ಚೆಯನ್ನೂ ನಾನು ನೋಡಲಿಲ್ಲ.